ನಲವತ್ತರ ನಂತರದ ಪಿಟೀಲು

ನಲವತ್ತು ದಾಟಿದವರ ಪಿಟೀಲು ಕಲಿಕೆಗೆ ಮುಖ್ಯವಾಗಿ ಎರಡು ಅಡ್ಡಿಗಳು: ರಿಷಭ ಮತ್ತು ನೆಂಟರು. ಮಂಡಿಯನ್ನೂ ಸೇರಿಸುವವರಿದ್ದಾರೆ.

ನೆಂಟರ ವಾದ ಒಂದು ಗಾದೆಯಲ್ಲಿ ಮುಗಿಯುತ್ತದೆ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಮದುವೆಮನೆಯ ಪಂಕ್ತಿಯಲ್ಲಿ, ಸರಿಯಾಗಿ ಪಾಯಸ ಬರುವ ಹೊತ್ತಿಗೆ ಇದನ್ನು ಹೇಳುವವರು ಯಾವ ವಾದ್ಯವನ್ನೂ ಮುಟ್ಟಿದವರಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ಅವರ ‘ಮೈಂಡ್‌ಸೆಟ್’ (2006) ಹೇಳುವುದು ಇದಕ್ಕೆ ತದ್ವಿರುದ್ಧ. ಸಾಮರ್ಥ್ಯ ಅಭ್ಯಾಸದಿಂದ ಬೆಳೆಯುತ್ತದೆಂದು ನಂಬಿದವರು ಸೋತಾಗಲೂ ಕೈಚೆಲ್ಲುವುದಿಲ್ಲವಂತೆ. ಪುಸ್ತಕ ಮುಗಿಸಿದ ವಾರದಲ್ಲೇ ಪಿಟೀಲು ಕೊಳ್ಳುವುದು ಈ ವರ್ಗದ ಲಕ್ಷಣ. ಪೆಟ್ಟಿಗೆ, ರಾಳ, ಹೆಚ್ಚುವರಿ ತಂತಿಗಳ ಸೆಟ್ಟು ಎಲ್ಲವೂ ಮೊದಲ ದಿನವೇ ಮನೆ ಸೇರುತ್ತವೆ. ಮೈಸೂರಿನ ಟಿ. ಚೌಡಯ್ಯನವರು ಸಭೆಗೆಲ್ಲ ಕೇಳಲೆಂದು ಏಳು ತಂತಿಯ ಪಿಟೀಲು ಮಾಡಿಕೊಂಡರು. ಹೊಸಬರಿಗೆ ಒಂದು ತಂತಿಯೇ ಇಡೀ ಬೀದಿಗೆ ಸಾಕು.

ಕರ್ನಾಟಕ ಸಂಗೀತದಲ್ಲಿ ನೆಲದ ಮೇಲೆ ಕೂತು, ಬಲಗಾಲು ಮುಂದೆ ಚಾಚಿ, ವಾದ್ಯದ ತಲೆಯನ್ನು ಪಾದದ ಗಂಟಿಗೆ ಊರಿ ನುಡಿಸಬೇಕು. ಏಳುವಾಗ ಸೋಫಾ ಹಿಡಿದುಕೊಳ್ಳುವುದಕ್ಕೆ ಶಾಸ್ತ್ರದ ನಿಷೇಧವಿಲ್ಲ.

ಪುರಂದರದಾಸರು ಹಾಕಿಕೊಟ್ಟರೆನ್ನುವ ಪಾಠಕ್ರಮ ಮಾಯಾಮಾಳವಗೌಳದ ಸರಳೆ ವರಸೆಯಿಂದ ಶುರು. ಮೇಳಕರ್ತ ರಾಗಗಳಲ್ಲಿ ಮಾಯಾಮಾಳವಗೌಳ 15ನೆಯದು. ಇದರ ಶುದ್ಧ ರಿಷಭ ಷಡ್ಜದ ಮಗ್ಗುಲಲ್ಲೇ ಇದೆ. ವೀಣೆಗಿರುವಂತೆ ಪಿಟೀಲಿಗೆ ಮೆಟ್ಟಿಲುಗಳಿಲ್ಲ, ಕಿವಿಯೇ ದಾರಿ ತೋರಬೇಕು. ನಾಲ್ಕು ದಶಕ ಸಿನಿಮಾ ಹಾಡು ಕೇಳಿದ ಕಿವಿ ಬೆರಳನ್ನು ನೇರ ಶಂಕರಾಭರಣದ ರಿಷಭಕ್ಕೆ ಕರೆದೊಯ್ಯುತ್ತದೆ. ಪಿಟೀಲು ತರಗತಿಯಲ್ಲಿ ಪಕ್ಕಕ್ಕೆ ಕೂತವಳು ಮೂರನೇ ಕ್ಲಾಸಿನ ಹುಡುಗಿ.

“ಅಂಕಲ್, ನಿಮ್ಮ ರಿ ಮೇಲಿದೆ.”

ಬೆರಳು ಎಳ್ಳಷ್ಟು ಸರಿಯುತ್ತದೆ. “ಇನ್ನೂ ಮೇಲಿದೆ.” ಮತ್ತೆ ಸರಿಯುತ್ತದೆ. “ಈಗ ಅದು ಸ ಆಯ್ತು.” ಅಷ್ಟರಲ್ಲಿ ಕಮಾನು ತುದಿ ಮುಟ್ಟಿರುತ್ತದೆ. ಅದನ್ನು ತಿರುಗಿಸುವ ಗಡಿಬಿಡಿಯಲ್ಲಿ, ಎಣ್ಣೆ ಕಾಣದ ಬಾವಿಯ ರಾಟೆಯಂಥ ಸದ್ದೊಂದು ಹೊರಟು, ಹುಡುಗಿಯ ತಾಯಿ ಮೊಬೈಲಿನಿಂದ ತಲೆ ಎತ್ತುತ್ತಾರೆ. “ಈಗ ಸರಿ ಇತ್ತು, ಅಂಕಲ್. ಯಾಕೆ ತೆಗೆದ್ರಿ?” ಎಲ್ಲಿತ್ತು ಎಂದು ಬೆರಳಿಗೆ ನೆನಪಿಲ್ಲ. ಹುಡುಗಿ ತನ್ನ ಪುಟ್ಟ ಪಿಟೀಲಿನಲ್ಲಿ, ಕಿಟಕಿಯಾಚೆ ನೋಡುತ್ತಲೇ, ಆ ರಿಷಭವನ್ನು ನುಡಿಸಿ ತೋರಿಸುತ್ತಾಳೆ. ಕಿಟಕಿಯಾಚೆ ನೋಡುವುದು ಅನಗತ್ಯವಾಗಿತ್ತು.

ಹೊಗಳಿಕೆಯ ವಿಷಯಕ್ಕೆ ಬಂದರೆ, ಡ್ವೆಕ್ ಮತ್ತು ಕ್ಲಾಡಿಯಾ ಮುಲ್ಲರ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ‘ಜಾಣ’ ಎನಿಸಿಕೊಂಡ ಮಕ್ಕಳು ಆಮೇಲೆ ಸುಲಭದ ಪ್ರಶ್ನೆಗಳ ಕಡೆ ವಾಲಿದರು. ಶ್ರಮಕ್ಕೆ ಹೊಗಳಿಸಿಕೊಂಡವರು ಕಷ್ಟದವಕ್ಕೆ ಕೈಹಾಕಿದರು. ಆದ್ದರಿಂದ ಶ್ರಮವನ್ನೇ ಹೊಗಳಬೇಕು. ನಮ್ಮಲ್ಲಿ ಇದು ನಡೆಯುವುದಿಲ್ಲ. ಮೇಷ್ಟ್ರು “ಪಾಪ, ಶ್ರಮ ಹಾಕಿದ್ದೀರಿ” ಎಂದರೆ ನಾದದ ಗತಿ ಏನಾಗಿದೆಯೆಂದು ಇಡೀ ತರಗತಿಗೆ ತಿಳಿಯುತ್ತದೆ. ಮುಂದಿನ ದೊಡ್ಡ ಅಧ್ಯಯನಗಳಲ್ಲಿ, ಸಾಮರ್ಥ್ಯ ಬೆಳೆಯುತ್ತದೆಂಬ ನಂಬಿಕೆಯ ಫಲ ಸಣ್ಣದಾಗಿಯೇ ಕಂಡಿತು. ಸಹಜವೇ. ಮನಸ್ಸು ಬೆಳೆದ ಮಾತ್ರಕ್ಕೆ ಬೆರಳು ಇಳಿಯುವುದಿಲ್ಲ, ಅದು ಇಳಿಯುವುದು “ಅಂಕಲ್, ಮೇಲಿದೆ” ಎಂದು ಯಾರಾದರೂ ಹೇಳಿದಾಗ.

ಇಂಥ ತರಗತಿಗಳಲ್ಲಿ ಐವತ್ತು ದಾಟಿದ ಹೆಂಗಸರೂ ಇರುತ್ತಾರೆ. ಕೆಲವರಿಗೆ ರಿಷಭ ಮೊದಲ ದಿನವೇ ಸಿಗುತ್ತದೆ. ಅವರು ಹೊಸಬರಲ್ಲ, ಚಿಕ್ಕಂದಿನಲ್ಲಿ ವರ್ಣದವರೆಗೆ ಬಂದು, ಮದುವೆಯಾದ ಮೇಲೆ ಪಿಟೀಲನ್ನು ಅಟ್ಟಕ್ಕೆ ಹಾಕಿದವರು. ಗಿಡ ಚೆನ್ನಾಗಿಯೇ ಬಗ್ಗಿತ್ತು. ಗಾದೆ ಹೇಳುವವರೇ ಅದನ್ನು ಬೇರೆ ಕೆಲಸಕ್ಕೆ ಬಗ್ಗಿಸಿಕೊಂಡರು.

ಸರಳೆ, ಜಂಟಿ, ಅಲಂಕಾರಗಳು ಮುಗಿದ ಮೇಲೆ ಗೀತೆಗಳು ಬರುತ್ತವೆ. ಮೊದಲ ಗೀತೆಗಳು ಮಲಹರಿ ರಾಗದವು. ಮಲಹರಿ ಮಾಯಾಮಾಳವಗೌಳದ ಜನ್ಯ, ರಿಷಭ ಅದೇ.