ಅಡಿಕೆಯಿಲ್ಲದ ಅಟ್ಟ

ಅಮೆರಿಕದಲ್ಲಿ ಮನೆ ಕೊಂಡ ಕನ್ನಡಿಗನಿಗೆ ಮೊದಲು ಸಾಲದ ಚಿಂತೆ, ಆಮೇಲೆ ಹುಲ್ಲು ಕತ್ತರಿಸುವ ಚಿಂತೆ, ಅವೆರಡೂ ಅಭ್ಯಾಸವಾದ ಮೇಲೆ ಡೆಕ್ಕಿನ ಚಿಂತೆ ಹತ್ತಿಕೊಳ್ಳುತ್ತದೆ. ಹಿತ್ತಲ ಬಾಗಿಲು ತೆರೆದರೆ ಹಲಗೆ ಹೊದಿಸಿದ ಒಂದು ಎತ್ತರದ ಜಾಗ, ಅಲ್ಲೊಂದು ದೊಡ್ಡ ಕೊಡೆ, ಕೊಡೆಯ ಕೆಳಗೆ ಕುರ್ಚಿಗಳು, ಮೂಲೆಯಲ್ಲಿ ಮಾಂಸ ಸುಡುವ ಗ್ರಿಲ್ಲು. ಇಷ್ಟಿಲ್ಲದವನನ್ನು ನೆರೆಹೊರೆ ಸ್ವಲ್ಪ ಕನಿಕರದಿಂದ ನೋಡುತ್ತದೆ. ಡೆಟ್ರಾಯ್ಟ್ ಹೊರವಲಯದಲ್ಲಿರುವ ನನ್ನ ಮಗ ಶುದ್ಧ ಸಸ್ಯಾಹಾರಿ. "ಗ್ರಿಲ್ಲಿನ ಮೇಲೆ ಏನು ಸುಡ್ತೀಯೋ?" ಎಂದು ಕೇಳಿದೆ. "ಬದನೆಕಾಯಿ" ಎಂದ. ಬದನೆಕಾಯಿ ಗೊಜ್ಜಿಗೆ ಇಷ್ಟು ದುಬಾರಿಯಾದ ಪೀಠಿಕೆಯನ್ನು ನಾನು ಕಂಡಿರಲಿಲ್ಲ.

ಅವನು ಕಂಪ್ಯೂಟರಿನಲ್ಲಿ ನಕ್ಷೆ ತೋರಿಸಿದ. ಕೆಳಗೆ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತೆ, ಜಂತೆಯ ಮೇಲೆ ಸಂದಿ ಬಿಟ್ಟು ಜೋಡಿಸಿದ ಹಲಗೆ. "ಅಯ್ಯೋ, ಇದು ನಮ್ಮ ಅಡಿಕೆ ಅಟ್ಟ ಕಣೋ!" ಎಂದೆ. ಸಾಗರದ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಕೊಯ್ಲಿನ ಹೊತ್ತಿಗೆ ಅಂಗಳದಲ್ಲಿ ಕಂಬ ನಿಲ್ಲಿಸಿ, ಅಡಿಕೆ ಮರವನ್ನೇ ಸೀಳಿದ ದಬ್ಬೆ ಹಾಸಿ, ಬೇಯಿಸಿದ ಅಡಿಕೆಯನ್ನು ಅದರ ಮೇಲೆ ಹರವುತ್ತೇವೆ. ಮಳೆಗಾಲಕ್ಕೆ ಮುಂಚೆ ಬಿಚ್ಚಿ ಕೊಟ್ಟಿಗೆಗೆ ಸೇರಿಸುತ್ತೇವೆ. ನಕ್ಷೆ ಇಲ್ಲ, ಇಂಜಿನಿಯರಿಲ್ಲ, ಕಟ್ಟುವವರಿಗೆ ಕವಳದ ತಟ್ಟೆಯೊಂದು ಎದುರಿಗಿದ್ದರೆ ಸಾಕು.

"ಅಪ್ಪಾ, ಇದು ಕಸ್ಟಮ್ ಡೆಕ್" ಎಂದ ಮಗ. ನಮ್ಮ ಮನೆಗೆ ತಕ್ಕಂತೆ, ನಮ್ಮ ಇಷ್ಟದಂತೆ ಮಾಡಿಸುವುದಂತೆ. ಇಷ್ಟ ಯಾರದೆಂಬುದು ಮರುದಿನ ತಿಳಿಯಿತು. ಬಡಾವಣೆಯ ಸಂಘದವರು ಒಪ್ಪಿದ ಬಣ್ಣಗಳ ಪಟ್ಟಿ ಬಂತು: ಕಂದು, ಕಂದು ಬೂದು, ಬೂದು ಕಂದು. ನಗರಾಡಳಿತದ ಪರವಾನಗಿ ಬೇರೆ.

"ಸೋಮವಾರ ಮಿಸ್ ಡಿಗ್‌ಗೆ ಹೇಳಿದೀನಿ" ಎಂದ ಮಗ. ನನ್ನವಳು ಅವತ್ತು ಒಂದು ಲೋಟ ಕಾಫಿ ಹೆಚ್ಚಿಗೆ ಬೆರೆಸಿಟ್ಟಳು. ಮಿಸ್ ಡಿಗ್ ಎಂಬುದು ಮಿಶಿಗನ್ನಿನಲ್ಲಿ ನೆಲ ಅಗೆಯುವ ಮುಂಚೆ ತಿಳಿಸಬೇಕಾದ ಸಂಸ್ಥೆ. 811ಕ್ಕೆ ಫೋನ್ ಮಾಡಿದರೆ ನೆಲದಡಿಯ ಕೊಳವೆ, ತಂತಿಗಳ ಜಾಡು ಗುರುತಿಸಲು ಆಯಾ ಕಂಪನಿಯವರು ಜನ ಕಳಿಸುತ್ತಾರೆ. ಕೆಲವೇ ದಿನಗಳಲ್ಲಿ ಹಿತ್ತಲ ತುಂಬ ಪುಟ್ಟ ಬಾವುಟಗಳು: ವಿದ್ಯುತ್ತಿಗೆ ಕೆಂಪು, ಗ್ಯಾಸಿಗೆ ಹಳದಿ, ಕುಡಿಯುವ ನೀರಿಗೆ ನೀಲಿ, ಫೋನಿಗೆ ಕಿತ್ತಳೆ, ಚರಂಡಿಗೆ ಹಸಿರು. "ಇವತ್ತು ಇಲ್ಲಿ ಏನು ಹಬ್ಬವೋ?" ಎಂದಳು ಇವಳು. ನಮ್ಮೂರಲ್ಲಿ ನೀರಿನ ಪೈಪು ಎಲ್ಲಿದೆ ಎಂಬುದು ಜೆಸಿಬಿ ಅದನ್ನು ಒಡೆದ ಮೇಲೆ ಗೊತ್ತಾಗುತ್ತದೆ. ಈ ಒಂದು ಏರ್ಪಾಡಿಗಂತೂ ನಾನು ತಲೆಬಾಗಿದೆ.

ಆಮೇಲೆ ಗುಂಡಿ. 42 ಅಂಗುಲ ಆಳ! ಅಡಿಕೆ ಸಸಿಗೂ ಅಷ್ಟು ತೋಡುವುದಿಲ್ಲ. ಅಲ್ಲಿಯ ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ, ಉಬ್ಬಿ, ಕಂಬವನ್ನೇ ಮೇಲಕ್ಕೆ ದೂಡುತ್ತದೆ. ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗೆ ಬುನಾದಿ ಇದ್ದರೆ ಮಾತ್ರ ಬಚಾವು. ತೋಡಿದ ಗುಂಡಿಗೆ ಕಾಂಕ್ರೀಟು ಸುರಿಯುವ ಮುಂಚೆ ನಗರಾಡಳಿತದ ಇನ್‌ಸ್ಪೆಕ್ಟರ್ ಬಂದ. ಒಂದೊಂದು ಗುಂಡಿಯನ್ನೂ ಬಗ್ಗಿ ನೋಡಿದ, ಟೇಪು ಇಳಿಬಿಟ್ಟು ಅಳೆದ, ಸಹಿ ಹಾಕಿ ಹೋದ. ಖಾಲಿ ಗುಂಡಿ ನೋಡಲು ಸಂಬಳ ಕೊಟ್ಟು ಒಬ್ಬನನ್ನು ಇಟ್ಟ ಸರ್ಕಾರವನ್ನು ನಾನು ಕಂಡದ್ದು ಅದೇ ಮೊದಲು. ನಮ್ಮ ರಸ್ತೆಗಳಿಗೆ ಇಂಥವರು ಸಿಕ್ಕಿದರೆ ಅವರಿಗೆ ಮನೆಗೆ ಹೋಗಲು ಬಿಡುವೇ ಇರುವುದಿಲ್ಲ.

ಮರದ ವಿಷಯದಲ್ಲಿ ಮಾತ್ರ ನಾನು ಜಗಳಕ್ಕೆ ಸಿದ್ಧನಾದೆ. ರಸೀದಿಯಲ್ಲಿ ಎರಡು ಅಂಗುಲಕ್ಕೆ ಆರು ಅಂಗುಲ ಎಂದಿದ್ದ ತುಂಡನ್ನು ಅಳೆದರೆ ಒಂದೂವರೆಗೆ ಐದೂವರೆ! ಸಾಮಿಲ್ಲಿನವನು ಹೀಗೆ ಮಾಡಿದ್ದರೆ ನಮ್ಮಪ್ಪ ಊರ ಪಂಚಾಯಿತಿ ಸೇರಿಸುತ್ತಿದ್ದರು. ಮೇಸ್ತ್ರಿ ನಕ್ಕ. ಮರ ಕೊಯ್ದಾಗ ಇದ್ದ ಅಳತೆ ಹೆಸರಿನಲ್ಲಿ ಉಳಿದಿದೆ, ಒಣಗಿಸಿ ಹತ್ತರಿ ಹೊಡೆದ ಮೇಲಿನ ಅಳತೆ ಕೈಯಲ್ಲಿದೆ, ಇಡೀ ದೇಶವೇ ಇದನ್ನು ಒಪ್ಪಿಕೊಂಡಿದೆ ಎಂದ. ಕಂಬಗಳು ತಿಳಿಹಸಿರು, ಕೊಳೆಯದಂತೆ ಒತ್ತಡದಲ್ಲಿ ತಾಮ್ರದ ಔಷಧ ಕುಡಿಸಿದ್ದು. 2003ರ ಕೊನೆಯವರೆಗೆ ಅದರಲ್ಲಿ ಆರ್ಸೆನಿಕ್ಕೂ ಇರುತ್ತಿತ್ತಂತೆ. ಕೊಳೆರೋಗಕ್ಕೆ ಮೈಲುತುತ್ತ ಹೊಡೆದೇ ಬೆಳೆದವರು ನಾವು, ತಾಮ್ರಕ್ಕೆ ಹೆದರಲಿಲ್ಲ.

ಮೇಲಿನ ಹಲಗೆ ಮಾತ್ರ ಮರವಲ್ಲ. ಹಳೆಯ ಪ್ಲಾಸ್ಟಿಕ್ ಚೀಲ ಕರಗಿಸಿ, ಮರದ ಹೊಟ್ಟು ಕಲಸಿ, ಅಚ್ಚಿನಲ್ಲಿ ಒತ್ತಿ ತೆಗೆದದ್ದು. ಇದನ್ನು ಕೇಳಿ ನನ್ನವಳು ಪೇಚಾಡಿದಳು. ಊರಿನ ಅಡುಗೆಮನೆಯ ಬಾಗಿಲ ಹಿಂದೆ ಒಂದು ಕವರಿನೊಳಗೆ ತುರುಕಿಟ್ಟ ಕವರುಗಳಲ್ಲಿ ಒಂದು ಡೆಕ್ ಆಗಿ ಮಿಗುತ್ತಿತ್ತು.

ನೆಲದಿಂದ 30 ಅಂಗುಲಕ್ಕಿಂತ ಎತ್ತರವಾದರೆ ಕಟಾಂಜನ ಕಡ್ಡಾಯ. 36 ಅಂಗುಲವಾದರೂ ಎತ್ತರವಿರಬೇಕು, ಸರಳುಗಳ ನಡುವೆ 4 ಅಂಗುಲದ ಚೆಂಡು ತೂರಬಾರದು. ಮಗುವಿನ ತಲೆ ಸಿಕ್ಕಿಕೊಳ್ಳದಿರಲಿ ಎಂದು. ನಮ್ಮ ಅಟ್ಟಕ್ಕೆ ಕಟಾಂಜನವೆಲ್ಲಿ? ಬಿದ್ದವರು ಎದ್ದು ಬಂದು ಬೈಸಿಕೊಳ್ಳುತ್ತಿದ್ದೆವು.

ಸೊಸೆ ಕೇಳಿದ್ದು ಒಂದೇ: ಡೆಕ್ಕಿನವರೆಗೆ ಗ್ಯಾಸಿನ ಕೊಳವೆ. ಆಗ ಯಾರೂ ಅದಕ್ಕೆ ಮಹತ್ವ ಕೊಡಲಿಲ್ಲ.

ಡೆಕ್ ಮುಗಿದು, ಕೊಡೆ ಬಂದು, ಹೊರಾಂಗಣ ಜೀವನ ಶುರುವಾಯಿತು. ಮಧ್ಯಾಹ್ನ ಬರಿಗಾಲಲ್ಲಿ ಹೆಜ್ಜೆಯಿಟ್ಟ ನಾನು ಕುಣಿಯುತ್ತ ಒಳಗೆ ಬಂದೆ; ಆ ಹಲಗೆ ಬಿಸಿಲಿಗೆ ಕಾದ ಕಾವಲಿ. ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ಮೇಲೆ. ಮುಳುಗಿದ ಕೂಡಲೇ ಸೊಳ್ಳೆಯ ಪಾಳಿ. ನವೆಂಬರಿನಿಂದ ಹಿಮದ್ದು. ಇವರೆಲ್ಲ ಬಿಟ್ಟುಕೊಟ್ಟ ಹೊತ್ತಿನಲ್ಲಿ ಮಗನಿಗೆ ಆಫೀಸಿನ ಮೀಟಿಂಗು.

ಆದರೆ ಆ ಗ್ಯಾಸಿನ ಕೊಳವೆಗೆ ಸಿಕ್ಕಿಸಿದ ಸೊಸೆಯ ಒಲೆ ಮಾತ್ರ ಬಿಡುವಿಲ್ಲದೆ ಉರಿಯಿತು. ಆ ಮನೆಯ ಅಡುಗೆ ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ಕಳಿಸುವುದೇ ಇಲ್ಲ, ಸೋಸಿ ಮತ್ತೆ ನಮಗೇ ಕೊಡುತ್ತದೆ. ಒಣಮೆಣಸಿನ ಒಗ್ಗರಣೆ ಹಾಕಿದರೆ ಹೊಗೆ ಗಂಟೆ ಅರಚುತ್ತದೆ, ಇಂಗಿನ ವಾಸನೆ ಕೋಟುಗಳ ಜೊತೆ ಆಫೀಸಿಗೆ ಹೋಗುತ್ತದೆ. ಈಗ ಪೂರಿ, ಬೋಂಡ, ಹಪ್ಪಳ ಎಲ್ಲವೂ ಡೆಕ್ಕಿನಲ್ಲಿ. ಜುಲೈ ಬಿಸಿಲು ಕಂಡ ನನ್ನವಳು ಹಳೆಯ ಸೀರೆ ಹಾಸಿ ಅರಳು ಸಂಡಿಗೆ ಇಟ್ಟಳು. ಹಲಗೆ ಕಾದರೆ ಕಾಲಿಗೆ ಶಿಕ್ಷೆ, ಸಂಡಿಗೆಗೆ ವರ. ಅಳಿಲು ಕಾಯಲು ಕೋಲು ಹಿಡಿದು ಕೊಡೆಯ ಕೆಳಗೆ ಕೂತವನು ನಾನು. ಪಕ್ಕದ ಮನೆಯಾತ ಬೇಲಿಯಾಚೆಯಿಂದ ನೋಡಿದ, ಏನೆಂದು ಕೇಳಿದ, ಕರಿದದ್ದನ್ನು ತಿಂದ. ಬಡಾವಣೆಯ ಸಂಘಕ್ಕೆ ಏನೂ ಹೇಳಲಿಲ್ಲ.

ಅಲ್ಲಿ ಡೆಕ್ ಕಟ್ಟಿಸಬೇಕೆಂದಿರುವ ಕನ್ನಡಿಗರೇ, ಬೆಂಚು, ಚಪ್ಪರ, ದೀಪದ ಸರ ಆಮೇಲೆ ನೋಡಿಕೊಳ್ಳಿ. ಗ್ಯಾಸಿನ ಕೊಳವೆ ಮೊದಲು ಹಾಕಿಸಿ, ಒಲೆ ಗೋಡೆಯಿಂದ ದೂರವಿರಲಿ. ಇನ್ನೊಂದು ಮಾತು. ಡೆಕ್ಕನ್ನು ಮನೆಗೆ ಹಿಡಿದಿಡುವ ಹಲಗೆಗೆ ಬರೀ ಮೊಳೆ ಹೊಡೆಯಲು ಬಿಡಬೇಡಿ, ಬೋಲ್ಟೇ ಹಾಕಿಸಿ. ಊರಿಂದ ಬಂದ ಬೀಗರು ಬಿಸಿ ಬೋಂಡಕ್ಕೆ ಒಟ್ಟಿಗೆ ಮುತ್ತುವುದು ಅಲ್ಲೇ.