ಬಾನೆಟ್ ಪಂಚಾಯ್ತಿ

ಝಳಕಿ ಕ್ರಾಸಿನಲ್ಲಿ ನಾಲ್ಕು ಜನರನ್ನು ಕೂಡಿಸಬೇಕೆಂದರೆ ಡಂಗುರ ಸಾರಬೇಕಿಲ್ಲ, ಚಹಾನೂ ಕುಡಿಸಬೇಕಿಲ್ಲ. ಹಳೆ ಕಾರೊಂದನ್ನು ರಸ್ತೆ ಬದಿಗೆ ಹಚ್ಚಿ ಬಾನೆಟ್ ಎತ್ತಿ, ಸಾಕು. ಇಂಡಿ ಬಸ್ಸಿಗೆ ಕಾದವರು, ಚಡಚಣದ ಬಸ್ಸು ತಪ್ಪಿಸಿಕೊಂಡವರು, ಯಾವ ಬಸ್ಸಿಗೂ ಹೋಗಬೇಕಾಗಿಲ್ಲದವರು, ಎಲ್ಲರೂ ಹಾಜರ್. ಕೆಳಗೆ ಕರಿ ಹನಿಯೊಂದು ಕಂಡರಂತೂ ತೀರ್ಪಿಗೆ ತಡವೇ ಇಲ್ಲ. “ಇಂಜಿನ್ ಕೆಲಸಕ್ಕ ಬಂದದ,” ಎನ್ನುತ್ತಾನೆ ಒಬ್ಬ. “ಹೆಡ್ ಹೋಗ್ಯದ,” ಎನ್ನುತ್ತಾನೆ ಇನ್ನೊಬ್ಬ. ಮೂರನೆಯವನು ಮಾತಾಡುವುದಿಲ್ಲ. ಡಿಪ್‌ಸ್ಟಿಕ್ ಎಳೆದು, ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು, ಹೆಬ್ಬೆರಳಿನಿಂದ ತಿಕ್ಕಿ, ಮೂಗಿನ ತನಕ ಒಯ್ದು, “ಮಾರಿಬಿಡ್ರಿ” ಎನ್ನುತ್ತಾನೆ. ಕೊಳ್ಳಲು ಬರುವವನು ಬಹುತೇಕ ಅವನ ಭಾವನೇ ಆಗಿರುತ್ತಾನೆ.

ಸೊಲ್ಲಾಪುರ–ವಿಜಯಪುರದ 52ನೇ ನಂಬರಿನ ಹೆದ್ದಾರಿ ಇದು. ಧೂಳಖೇಡದ ಹತ್ತಿರ ಭೀಮಾ ನದಿ ದಾಟಿ ಎಂಎಚ್ 13 ಗಾಡಿಗಳು ಬರುತ್ತವೆ, ಇತ್ತಲಿಂದ ಕೆಎ 28 ಗಾಡಿಗಳು ಹೋಗುತ್ತವೆ. ನೀರಿನ ಮಾತು ಬಂದರೆ ಎರಡೂ ದಂಡೆಯವರು ತೋಳೇರಿಸುತ್ತಾರೆ. ಎಣ್ಣೆ ಸೋರಿಸುವುದರಲ್ಲಿ ಮಾತ್ರ ಒಮ್ಮತ.

ಈ ಕ್ರಾಸಿನ ಪಂಚಾಯ್ತಿಗೆ ಅತಿ ಹೆಚ್ಚು ಸಲ ಗುರಿಯಾದವರು ನಮ್ಮ ಕಾಕಾ. ಲಿಂಬಿ ತೋಟದವರು, ಬಿಳಿ ಧೋತ್ರ, ಬಿಳಿ ಅಂಬಾಸಿಡರ್. ಎರಡಕ್ಕೂ ಕಲೆ ಬಿದ್ದರೆ ಮೊದಲು ಕಾರಿನದನ್ನೇ ಒರೆಸುತ್ತಾರೆ. ಆ ಕಾರಿನ ವಂಶಾವಳಿ ಅವರ ನಾಲಿಗೆ ತುದಿಯಲ್ಲಿದೆ: ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಇದರ ಮೂಲಪುರುಷ, ಹಿಂದುಸ್ತಾನ್ ಮೋಟರ್ಸ್‌ನವರು ಬಂಗಾಳದ ಉತ್ತರಪಾರಾದಲ್ಲಿ ಕಟ್ಟುತ್ತಿದ್ದರು, 2014ರಲ್ಲಿ ಕೈಬಿಟ್ಟರು. ಕಾರ್ಖಾನೆ ನಿಂತರೂ ಕಾಕಾನ ಗಾಡಿಯ ಎಣ್ಣೆ ನಿಲ್ಲಲಿಲ್ಲ. ಕೇಳಿದರೆ, “ಒಳಗ ಅದ ಅಂತ ಸೋರ್ತದ, ಇಲ್ಲದಾಂವ ಏನ್ ಸೋರಸ್ತಾನ?” ಎಂದು ನಮ್ಮ ಜೇಬನ್ನೇ ನೋಡುತ್ತಾರೆ.

ಪಂಚಾಯ್ತಿಯವರು ಎಡವುವುದು ಒಂದೇ ಕಲ್ಲಿಗೆ: ಹನಿ ಬಿದ್ದಲ್ಲೇ ತೂತು ಹುಡುಕುತ್ತಾರೆ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಮಲಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ನೀರು ಜಂತಿಯ ಆ ತುದಿಯಲ್ಲಿ ಇಳಿದು, ಕಟ್ಟಿಗೆ ಹಿಡಿದು ಹರಿದು, ಈ ತುದಿಯಲ್ಲಿ ಸರಿಯಾಗಿ ಬೀಗರ ಹಾಸಿಗೆ ಮೇಲೆ ಬೀಳುತ್ತದೆ. ಇಂಜಿನ್ನಿನ ಎಣ್ಣೆಯದೂ ಅದೇ ಚಾಳಿ. ಮೇಲೆ ಟ್ಯಾಪೆಟ್ ಕವರಿನ ಸಂದಿಯಲ್ಲಿ ಜಿನುಗಿದ್ದು ಬ್ಲಾಕಿನ ಮೈ ಹಿಡಿದು ಇಳಿಯುತ್ತದೆ; ಗಾಡಿ ಓಡುವಾಗ ಎದುರುಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ; ಕಡೆಗೆ ತಳದ ಎಣ್ಣೆ ಚೇಂಬರಿನ ಹಿಂತುದಿಯಲ್ಲಿ ಹನಿಯಾಗಿ ತೂಗುತ್ತದೆ. ಕೆಳಗೆ ಬಗ್ಗಿ ನೋಡಿದವನು ಚೇಂಬರ್ ಪ್ಯಾಕಿಂಗ್ ಹೋಗಿದೆ ಎನ್ನುತ್ತಾನೆ. ಪ್ಯಾಕಿಂಗ್ ಬದಲಾಗುತ್ತದೆ, ಕಾಕಾ ದುಡ್ಡು ಎಣಿಸುತ್ತಾರೆ, ಮರುವಾರ ಹನಿ ಅಲ್ಲೇ.

ಕ್ರಾಸಿನ ಆಚೆ ಒಬ್ಬ ಮಿಸ್ತ್ರಿ ಇದ್ದಾನೆ, ಮಿತಭಾಷಿ. ಹೀಗಾಗಿ ಅವನನ್ನು ಊರಲ್ಲಿ ಯಾರೂ ದೊಡ್ಡ ಮಿಸ್ತ್ರಿ ಎಂದು ಒಪ್ಪಿಲ್ಲ. ಗಾಡಿ ಬಂತೆಂದರೆ ಮೊದಲು ಪಾನಾ ಹಿಡಿಯುವವನಲ್ಲ, ಸೀಮೆಎಣ್ಣೆ ಡಬ್ಬಿ, ಬ್ರಷ್ಷು, ಚಿಂದಿ ಹಿಡಿಯುತ್ತಾನೆ. ಎರೆಮಣ್ಣಿನ ಧೂಳು, ಸೋರಿದ ಎಣ್ಣೆ ಎರಡೂ ಕೂಡಿ ಇಂಜಿನ್ ಮೇಲೆ ಬೆರಳು ದಪ್ಪ ಮೆತ್ತಿರುತ್ತದೆ. ಅದನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೆಗೆಯುವಾಗ ಒಳಗಿಂದ ಕಳೆದುಹೋದ ನಟ್ಟೊಂದು, ಒಂದು ಲಿಂಬಿ ಬೀಜ, ಎಂದೋ ಒಣಗಿದ ಹಲ್ಲಿ, ಏನು ಬೇಕಾದರೂ ಸಿಗಬಹುದು. ಪೂರ್ತಿ ಒಣಗುವ ತನಕ ಗಾಡಿ ಮುಟ್ಟಗೊಡುವುದಿಲ್ಲ. ವೈಶಾಖದ ನಮ್ಮ ಬಿಸಿಲಿಗೆ ಆ ಕೆಲಸ ಎಷ್ಟು ಹೊತ್ತಿನದು!

ಅಷ್ಟರಲ್ಲಿ ನೆಲದ ಹನಿಯ ವಿಚಾರಣೆ. ಎಲ್ಲ ಹನಿಯೂ ಇಂಜಿನ್ ಆಯಿಲ್ ಆಗಬೇಕೆಂದೇನಿಲ್ಲ. ಕಂದೋ ಕಪ್ಪೋ ಇದ್ದು ಬೆರಳಿಗೆ ಜಾರಿದರೆ ಇಂಜಿನ್ನಿನದು. ದಪ್ಪಗಿದ್ದು ಗಂಧಕದ ಘಾಟು ಹೊಡೆದರೆ ಗೇರ್ ಪೆಟ್ಟಿಗೆಯದು. ಹಸಿರು ನೀರಾದರೆ ರೇಡಿಯೇಟರಿನ ಕೂಲಂಟ್ ಇದ್ದೀತು. ಗಾಲಿಯ ಹತ್ತಿರ ತೆಳ್ಳಗೆ ಒಸರುತ್ತಿದ್ದರೆ ಅದು ಬ್ರೇಕ್ ಆಯಿಲ್. ಹರಟೆ ಅಲ್ಲಿಗೇ ಬಿಟ್ಟು ಗಾಡಿ ನಿಲ್ಲಿಸಬೇಕು. ಡ್ಯಾಶ್‌ಬೋರ್ಡಿನ ಕೆಂಪು ದೀಪ ನಂಬಿ ಕೂತವರಿಗೂ ಒಂದು ಮಾತು: ಅದು ಎಣ್ಣೆಯ ಒತ್ತಡ ಬಿದ್ದಾಗ ಹತ್ತುವ ದೀಪ, ಎಣ್ಣೆ ಎಷ್ಟಿದೆ ಎಂದು ಹೇಳುವ ದೀಪವಲ್ಲ. ಓಡುವಾಗ ಅದು ಹತ್ತಿತೆಂದರೆ ತಕ್ಷಣ ಬಂದ್ ಮಾಡುವುದಷ್ಟೇ ಉಳಿದಿರುತ್ತದೆ. ಹಳೆ ಗಾಡಿಯವನಿಗೆ ಡಿಪ್‌ಸ್ಟಿಕ್ಕೇ ಪಂಚಾಂಗ. ಇಂಜಿನ್ ಬಂದ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು, ಸಪಾಟು ನೆಲದಲ್ಲಿ ನೋಡಬೇಕು.

ಕಡೆಗೊಮ್ಮೆ ಕಾಕಾನ ಗಾಡಿಯೂ ಅವನ ಕೈಗೆ ಬಂತು. ತೊಳೆದ ಇಂಜಿನ್ ಒಣಗಿದ ಮೇಲೆ ಮಿಸ್ತ್ರಿ ಸಂಶಯ ಇದ್ದಲ್ಲೆಲ್ಲ ಮುಖದ ಪೌಡರ್ ಉದುರಿಸಿದ. ಕ್ರಾಸಿನ ಮಂದಿಗೆ ಹಬ್ಬ. “ಕಾಕಾರ, ಗಾಡಿಗೆ ಕನ್ಯಾ ನೋಡಾಕ್ ಹೊಂಟೀರೇನು?” ಕಾಕಾ ಉತ್ತರಿಸದೆ ಗಾಡಿ ಹೊರ್ತಿ ಕಡೆ ಒಂದು ಸುತ್ತು ಹೊಡೆಸಿ ತಂದರು. ಬಾನೆಟ್ ಎತ್ತಿದರೆ ಎಲ್ಲ ಬೆಳ್ಳಗೆ. ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ ಮಾತ್ರ ದಾರದಷ್ಟು ಸಣ್ಣ ಕಂದು ಗೆರೆ, ಬ್ಲಾಕಿನ ಪಕ್ಕದ ತಗಡಿನ ಮುಚ್ಚಳದ ಅಂಚು ಹಿಡಿದು ಕೆಳಗಿಳಿದಿತ್ತು. ಚೇಂಬರಿನ ಪ್ಯಾಕಿಂಗ್ ಒಣ ಒಣ.

ಅಂಬಾಸಿಡರಿನ 1489 ಸಿಸಿ ಇಂಜಿನ್ನಿನ ಆ ಕವರು ಮೇಲಿನ ಎರಡೇ ನಟ್ಟಿನಿಂದ ಕೂತಿರುತ್ತದೆ, ಕೆಳಗೆ ಕಾರ್ಕಿನ ಪ್ಯಾಕಿಂಗ್. ಸೋರಿತೆಂದ ಕೂಡಲೆ ನಮ್ಮ ಶೂರರು ನಟ್ಟು ಬಿಗಿಯುತ್ತಾರೆ, ಇನ್ನೂ ಸೋರಿದರೆ ಇನ್ನೂ ಬಿಗಿಯುತ್ತಾರೆ. ತಗಡು ಬಾಗುತ್ತದೆ, ಕಾರ್ಕು ಹಿಂಡಿ ಹೊರಬರುತ್ತದೆ, ಒಂದು ಸಂದಿ ಇದ್ದದ್ದು ಎರಡಾಗುತ್ತದೆ. ಆಮೇಲೆ ಸೀಲಂಟ್ ಟ್ಯೂಬು. ಕಾಕಾನ ಕವರಿಗೆ ಹಿಂದೆ ಯಾರೋ ಅದನ್ನು ಸೀಮಂತದ ಕೈಗೆ ಮೆಹಂದಿ ಹಾಕಿದಷ್ಟು ಉದಾರವಾಗಿ ಹಾಕಿದ್ದರು. ಹೀಗೆ ಹೊರಗೆ ಉಬ್ಬಿ ನಿಂತಷ್ಟೇ ಒಳಗೂ ಉಬ್ಬಿರುತ್ತದೆ. ಒಳಗಿನದು ಹರಿದು ಬಿದ್ದರೆ ಎಣ್ಣೆ ಎಳೆಯುವ ಜಾಳಿಗೆಗೇ ಹೋಗಿ ಅಡರಬಹುದು.

ಮಿಸ್ತ್ರಿ ಕವರಿನ ಅಂಚು ತಟ್ಟಿ ನೆಟ್ಟಗೆ ಮಾಡಿ ಹೊಸ ಕಾರ್ಕು ಕೂಡಿಸಿದ. ದುಡ್ಡು ಕೇಳುವ ಮುಂಚೆ ಇನ್ನೊಂದು ಮಾಡಿದ, ನನಗೆ ಅವನ ಮೇಲೆ ಭಕ್ತಿ ಬಂದದ್ದು ಅಲ್ಲಿ. ಇಂಜಿನ್ ಸಣ್ಣಗೆ ಓಡುತ್ತಿರುವಾಗ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದ. ಬುಸ್ ಬುಸ್ ಎಂದು ಹೊಗೆ ಬಂತು. ಬ್ರೀದರ್ ಕಟ್ಟಿತ್ತು. ಪಿಸ್ಟನ್ ರಿಂಗಿನ ಪಕ್ಕ ನುಸುಳಿದ ಗಾಳಿ ಹೊರಹೋಗಲು ಬ್ರೀದರಿನ ದಾರಿ ಬೇಕು. ಅದು ಮುಚ್ಚಿದರೆ ಒಳಗಿನ ಒತ್ತಡ ಎಲ್ಲಿ ಮೆತ್ತಗಿದೆಯೋ ಅಲ್ಲಿ ಎಣ್ಣೆಯನ್ನು ದಬ್ಬುತ್ತದೆ. ಇಂದು ಈ ಪ್ಯಾಕಿಂಗ್ ಹಾಕಿದರೆ ನಾಳೆ ಆ ಸೀಲು. ಪೈಪು ಬಿಚ್ಚಿ ತೊಳೆದು ಕೂಡಿಸಿದ ಮೇಲೆ ಬುಸುಗುಟ್ಟುವುದು ಇಳಿಯಿತು. ಇಳಿಯದಿದ್ದರೆ ರಿಂಗು ಸವೆದಿವೆ ಎಂದರ್ಥ, ಆಗ ಕ್ರಾಸಿನ ಮೊದಲನೆಯವನ ಮಾತಿಗೂ ಬೆಲೆ ಬರುತ್ತಿತ್ತು.

ಕಾಕಾ ಖುಷಿಯಿಂದ ಬಗ್ಗಿ ನೋಡಿದರು. ಇಂಜಿನ್–ಗೇರ್ ಪೆಟ್ಟಿಗೆ ಕೂಡುವಲ್ಲಿ, ಬೆಲ್ ಹೌಸಿಂಗಿನ ತಳದಲ್ಲಿ, ಇನ್ನೂ ಒಂದು ಹನಿ.

“ಲೇ ತಮ್ಮಾ, ಇದೇನೋ?”

“ಅದು ಇರೂದರೀ ಕಾಕಾರ. ಕ್ರ್ಯಾಂಕಿನ ಹಿಂದ ಇದಕ್ಕ ರಬ್ಬರ್ ಸೀಲ್ ಕೊಟ್ಟಿಲ್ಲ. ಉಲ್ಟಾ ಥ್ರೆಡ್ ಕೊರದಾರ. ತಿರಗೂ ಮುಂದ ಎಣ್ಣಿ ತಿರುಗಿ ಒಳಗ ಹೋಗ್ತದ. ನಿಂತಾಗ, ಇಳಕಲಿನ್ಯಾಗ ಹಚ್ಚಿದಾಗ, ಒಂದೀಟು ಹೊರಗ ಬರ್ತದ. ಹೊರಗ ಬೀಳ್ಲಿ ಅಂತ ತಳದಾಗ ತೂತು ಮಾಡಿ ಕಾಟರ್ ಪಿನ್ನೂ ಹಾಕ್ಯಾರ.”

“ಅಂದ್ರ ಸೋರಾಕ ದಾರಿ ಕಂಪನ್ಯಾವ್ರ ಮಾಡ್ಯಾರ?”

“ಹೌದ್ರಿ.”

“ಹಂಗಾರ ಇಷ್ಟ್ ವರ್ಷ ಈ ಮಂದಿ ಕಡಿಂದ ನಾ ಯಾಕ ಬೈಸಿಕೊಂಡೆ?” ಎಂದು ಕಾಕಾ ಪಂಚಾಯ್ತಿಯ ಕಡೆ ತಿರುಗಿದರು. ಪಂಚಾಯ್ತಿ ಅಷ್ಟರಲ್ಲಿ ಸೊಲ್ಲಾಪುರ ಕಡೆಯಿಂದ ಬಂದು ಹೊಗೆ ಬಿಡುತ್ತ ನಿಂತಿದ್ದ ಎಂಎಚ್ 13ರ ಸುತ್ತ ನೆರೆದಿತ್ತು.