‘ಇನ್ನು ಮೇಲೆ’ ಗ್ರಂಥದ ಪಾಠಸಂಪಾದನೆ: ಒಂದು ಪ್ರಸ್ತಾವನೆ

ಪೋಕರ್ ಆಟಗಾರರು ತಮ್ಮ ಉದ್ಧಾರಕ್ಕಾಗಿ ಬರೆದಿಟ್ಟುಕೊಳ್ಳುವ ಗುರಿಗಳ ಸಾಹಿತ್ಯವನ್ನು ನಮ್ಮ ವಿದ್ವಾಂಸರು ಕಡೆಗಣಿಸುತ್ತಲೇ ಬಂದಿದ್ದಾರೆ. ತಾಳೆಗರಿಗೆ ಎಣ್ಣೆ ಹಚ್ಚುತ್ತ ಕೂತವರ ಕಣ್ಣಿಗೆ ನೂರು ಪುಟದ ರೂಲ್ಡ್ ನೋಟ್‌ಬುಕ್ ಬೀಳದಿರುವುದು ಸಹಜವೇ. ಈ ಕೊರತೆಯನ್ನು ನೀಗಲು ಪ್ರಸ್ತುತ ಸಂಪಾದಕನು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ನೌಕರನ ಗುರಿಪುಸ್ತಕವನ್ನು ಕೈಗೆತ್ತಿಕೊಂಡಿದ್ದಾನೆ. ಕರ್ತೃ ತನ್ನ ಕೃತಿಗೆ ಹೆಸರಿಟ್ಟಿಲ್ಲ. ಬಹುಪಾಲು ನಮೂದುಗಳು ‘ಇನ್ನು ಮೇಲೆ’ ಎಂದೇ ಆರಂಭವಾಗುವುದರಿಂದ ಅದನ್ನೇ ಗ್ರಂಥನಾಮವಾಗಿ ಹಿಡಿದಿದೆ. ದೊರೆತಿರುವುದು ಏಕೈಕ ಪ್ರತಿ. ನಡುವೆ ಕೆಲವು ಹಾಳೆಗಳು ಲುಪ್ತವಾಗಿವೆ. ಇದು ಹುಳುವಿನ ಕೆಲಸವಲ್ಲ, ಕರ್ತೃವಿನದೇ.

ಕಾಲನಿರ್ಣಯ ಸುಲಭವಿರಲಿಲ್ಲ. ಎಲ್ಲೂ ಇಸವಿಯಿಲ್ಲ, ವಾರ ಮಾತ್ರ ಇದೆ; ಅದೂ ಬಹುಪಾಲು ಭಾನುವಾರ, ಬೆಳಗಿನ ಜಾವ. ಆದರೆ ಒಂದೆಡೆ ‘ಇನ್ನು ಮೇಲೆ ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವುದಿಲ್ಲ’ ಎಂಬ ಪ್ರತಿಜ್ಞೆಯಿದ್ದು, ಅದು ಕೆಲವು ತಿಂಗಳು ಚಾಚೂ ತಪ್ಪದೆ ಪಾಲನೆಯಾಗಿದೆ. ಇಂಥ ಮನೋಬಲ ಗ್ರಂಥದ ಬೇರೆಲ್ಲೂ ಕಾಣಸಿಗದ ಕಾರಣ ಸಂಪಾದಕನಿಗೆ ಸಂಶಯ ಬಂತು. ವಿಚಾರಿಸಲಾಗಿ, 2021ರ ಅಕ್ಟೋಬರಿನಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು ಹಣ ಕಟ್ಟುವ ಆನ್‌ಲೈನ್ ಆಟಗಳು ನಿಷಿದ್ಧವಾಗಿದ್ದವು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಗ್ರಂಥದ ಮರುನಮೂದು: ‘ಇನ್ನು ಮೇಲೆ ಮೊಬೈಲಿನಲ್ಲಿ ಹದವಾಗಿ ಆಡುವುದು.’ ಹೀಗೆ ಕಾಲವೂ ಸಿಕ್ಕಿತು, ಮನೋಬಲದ ಮೂಲವೂ ಸಿಕ್ಕಿತು. 2025ರ ಆಗಸ್ಟಿನಲ್ಲಿ ಸಂಸತ್ತು ಇಂಥ ಆಟಗಳನ್ನು ದೇಶಕ್ಕೇ ನಿಷೇಧಿಸುವ ಕಾಯ್ದೆ ಮಾಡಿದ ಮೇಲಿನ ಪುಟಗಳಲ್ಲಿ ಕರ್ತೃ ಮತ್ತೆ ಜಿತೇಂದ್ರಿಯನಾಗುತ್ತಾನೆ, ಗೆಳೆಯನ ಮನೆಯ ಊಟದ ಮೇಜೊಂದನ್ನು ಬಿಟ್ಟು.

ಇನ್ನು ಮಸಿಯ ಸಾಕ್ಷ್ಯ. ಗ್ರಂಥದಲ್ಲಿ ಎರಡು ಸ್ತರಗಳಿವೆ. ಮೊದಲನೆಯದು ನೀಲಿ ಬಾಲ್‌ಪೆನ್ನಿನದು. ಒತ್ತಿ ಬರೆದ ಗುರುತು ಹಿಂದಿನ ಮೂರನೆಯ ಹಾಳೆಯವರೆಗೂ ಇಳಿದಿದೆ. ಎರಡನೆಯದು ಪೆನ್ಸಿಲಿನದು, ಹಗುರ, ಅಲ್ಲಲ್ಲಿ ಬಳ್ಳಿಯ ಚಿತ್ತಾರ ಸಹಿತ. ಮೇಜಿಗೆ ಕೂರಲು ಕಟ್ಟುವ ಹಣವಾದ ಬೈ-ಇನ್ ಕುರಿತ ನೀಲಿ ಪಾಠ: ‘ಮೂರು ಬೈ-ಇನ್ ಹೋದರೆ ಎದ್ದು ಬರುವುದು.’ ಪೆನ್ಸಿಲ್ ಪಾಠದಲ್ಲಿ ಮೂರು ‘ನಾಲ್ಕೈದು’ ಆಗಿದೆ, ಎದ್ದು ಬರುವುದು ‘ಎದ್ದು ಬರುವ ಬಗ್ಗೆ ಯೋಚಿಸುವುದು’ ಆಗಿದೆ. ಬೇರೆ ನಮೂದುಗಳನ್ನೂ ತೂಗಿ ನೋಡಿ ನಾವು ಮಂಡಿಸುವ ಸಿದ್ಧಾಂತವಿದು: ಗುರಿಯನ್ನು ಬರೆಯುವವನು ಸೋತು ಬಂದವನು, ತಿದ್ದುವವನು ಗೆದ್ದು ಬಂದವನು. ಇಬ್ಬರೂ ಒಂದೇ ಮನೆಯಲ್ಲಿದ್ದರೂ ಪರಸ್ಪರ ಪರಿಚಯವಿದ್ದಂತೆ ತೋರುವುದಿಲ್ಲ.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ. ಬರೆದ ಗುರಿ ಫಲಿಸಿದ್ದಕ್ಕೆ ಪರದೇಶದಲ್ಲಿ ದೃಷ್ಟಾಂತವಿದೆ ಎನ್ನುತ್ತಾರೆ. ಇದೆ. 2000ದ ವರ್ಲ್ಡ್ ಸೀರೀಸ್ ಆಫ್ ಪೋಕರಿನ ಮುಖ್ಯ ಪಂದ್ಯ ಗೆದ್ದ ಕ್ರಿಸ್ ಫರ್ಗುಸನ್, 2006ರಲ್ಲಿ ಸೊನ್ನೆ ಬಂಡವಾಳದಿಂದ 10,000 ಡಾಲರ್ ಮಾಡಲು ಹೊರಟ. ಪುಕ್ಕಟೆ ಟೂರ್ನಮೆಂಟುಗಳಿಂದ ಆರಂಭ. ಕೂಡಿದ ಹಣದ ಶೇ 5ಕ್ಕಿಂತ ಹೆಚ್ಚನ್ನು ಒಂದು ಮೇಜಿಗೆ ಒಯ್ಯಬಾರದು, ದೊಡ್ಡ ಟೂರ್ನಮೆಂಟಿಗಾದರೆ ಶೇ 2. ಮುಂದಿರುವ ಚಿಪ್ಸು ಒಟ್ಟು ಹಣದ ಶೇ 10 ದಾಟಿದರೆ ಬ್ಲೈಂಡ್ ಎಂಬ ಕಡ್ಡಾಯ ಪಣ ಕಟ್ಟುವ ಸರದಿ ಬರುತ್ತಲೇ ಏಳಬೇಕು, ಗೆಲ್ಲುತ್ತಿದ್ದರೂ. ತೀರಾ ಸಣ್ಣ ಮೊತ್ತದ ಆಟಗಳಿಗಷ್ಟೇ ವಿನಾಯಿತಿ. ವರ್ಷಕ್ಕೂ ಮೀರಿ ಹೀಗೆ ಆಡಿ ಆತ ಗುರಿ ಮುಟ್ಟಿದ.

ನಮ್ಮ ಕರ್ತೃ ಈ ನಿಯಮಗಳನ್ನು ಅಕ್ಷರ ಬಿಡದೆ ನಕಲು ಮಾಡಿಕೊಂಡಿದ್ದಾನೆ. ತೊಡಕಿರುವುದು ಮೂಲದಲ್ಲಲ್ಲ, ಭಾಷ್ಯದಲ್ಲಿ. ‘ಒಟ್ಟು ಹಣ’ ಎಂಬುದಕ್ಕೆ ಅವನು ಮಾರ್ಜಿನ್ನಿನಲ್ಲಿ ಬರೆದ ವ್ಯಾಖ್ಯಾನದಲ್ಲಿ ಪಿಎಫ್ ಸೇರಿದೆ, ಹೆಂಡತಿಯ ಚೀಟಿ ದುಡ್ಡು ಸೇರಿದೆ, ತುಮಕೂರು ರಸ್ತೆಯಲ್ಲಿ ಮಾವ ಕೊಡಬಹುದಾದ ಸೈಟೂ ಸೇರಿದೆ. ಅದರ ಶೇ 5 ಎಂದರೆ ಸಣ್ಣ ಮೊತ್ತವೇನಲ್ಲ.

ದೇಶೀ ಪರಂಪರೆ ಬೇರೆಯದೇ ಮಾತು ಹೇಳುತ್ತದೆ. ಮಹಾಭಾರತದ ಸಭಾಪರ್ವದಲ್ಲಿ ಧರ್ಮರಾಯ ಜೂಜಿನಲ್ಲಿ ಕಳೆದುಕೊಂಡದ್ದನ್ನೆಲ್ಲ ಧೃತರಾಷ್ಟ್ರ ಹಿಂತಿರುಗಿಸಿದ. ಊರ ದಾರಿಯಲ್ಲಿದ್ದವನನ್ನು ಮತ್ತೆ ಕರೆದರೆ ಮತ್ತೆ ಹೋಗಿ ಕೂತ. ಅನುದ್ಯೂತವೆನ್ನುವ ಈ ಎರಡನೆಯ ಸುತ್ತೇ, ಸೋತವನು ಮತ್ತೆ ಹಣ ಕಟ್ಟಿ ಕೂರುವ ಈಗಿನ ರೀ-ಬೈ ಪದ್ಧತಿಯ ಪ್ರಾಚೀನ ರೂಪವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಕಾಡಿಗೆ ಹೋದ ಮೇಲಾದರೂ ಅವನು ಗುರಿ ಬರೆದುಕೊಂಡನೇ? ಇಲ್ಲ. ಬೃಹದಶ್ವ ಋಷಿ ನಳನ ಕಥೆ ಹೇಳಿ ದಾಳದ ಗುಟ್ಟಾದ ಅಕ್ಷಹೃದಯ ಕಲಿಸಿದ. ಕಲಿತವನು ವಿರಾಟನ ಆಸ್ಥಾನದಲ್ಲಿ ಕಂಕನೆಂಬ ಹೆಸರಿನಲ್ಲಿ ರಾಜನ ಜೂಜಿನ ಜೊತೆಗಾರನಾಗಿ ಕೆಲಸಕ್ಕೆ ಸೇರಿದ. ಅಲ್ಲಿ ರಾಜ ಸಿಟ್ಟಿನಲ್ಲಿ ದಾಳ ಎಸೆದು ಮೂಗಿನಲ್ಲಿ ರಕ್ತ ಬರಿಸಿದ್ದು ಉದ್ಯೋಗದ ಅಪಾಯಕ್ಕೆ ಸೇರಿದ್ದು, ಆಟಕ್ಕಲ್ಲ.

ಗ್ರಂಥದ ಅತಿ ಕ್ಲಿಷ್ಟ ನಮೂದು ‘ಈ ವರ್ಷ ಐದು ಲಕ್ಷ ಗೆಲ್ಲುವುದು’. ಟೆಕ್ಸಸ್ ಹೋಲ್ಡೆಮ್ಮಿನಲ್ಲಿ ಕೈಗೆ ಬರುವ ಎರಡು ಎಲೆಗಳ ಜೋಡಿ 1,326 ಬಗೆ. ಎರಡೂ ಎಕ್ಕ ಆಗುವುದು ಸರಾಸರಿ 221 ಆಟಕ್ಕೊಮ್ಮೆ. ಹಾಗೆ ಬಂದು, ಎದುರಾಳಿಯ ಕೈಯಲ್ಲಿ ಜೋಡಿ ರಾಜರಿದ್ದು, ಇಬ್ಬರೂ ಇದ್ದದ್ದೆಲ್ಲ ಕಟ್ಟಿ ಆಲ್-ಇನ್ ಆದರೂ ಎಕ್ಕಗಳು ಗೆಲ್ಲುವುದು ನೂರಕ್ಕೆ ಸುಮಾರು 82 ಸಲ. ಉಳಿದ ಸಲ, ಒಂದು ತಪ್ಪೂ ಮಾಡದವನು ಮನೆಗೆ ಹೋಗಿ ನೀಲಿ ಪೆನ್ನು ಹುಡುಕುತ್ತಾನೆ. ಆದುದರಿಂದ ಐದು ಲಕ್ಷವೆಂಬುದು ಆಟಗಾರನು ಎಲೆಗಳಿಗೆ ಹಾಕಿಕೊಟ್ಟ ಗುರಿ. ಎಲೆಗಳ ಅಕ್ಷರಜ್ಞಾನವೋ ಎ, ಕೆ, ಕ್ಯೂ, ಜೆ ನಾಲ್ಕಕ್ಕೇ ಮುಗಿಯುತ್ತದೆ. ‘ಸೋತ ಆಟವನ್ನು ಮರುದಿನ ಬರೆದು ನೋಡುವುದು’, ‘ಸಿಟ್ಟು ಬಂದಾಗ ಪಣ ಏರಿಸದಿರುವುದು’ ಮುಂತಾದವು ತನ್ನ ಕೈಯಲ್ಲೇ ಇರುವ ಗುರಿಗಳು. ಬಹುಶಃ ಅದೇ ಕಾರಣಕ್ಕೆ ಅವುಗಳ ಹಾಳೆಗಳು ಲುಪ್ತವಾಗಿ, ಮೊದಲ ಸಾಲುಗಳಷ್ಟೇ ಉಳಿದಿವೆ.

ಪ್ರಕ್ಷೇಪದ ಪ್ರಶ್ನೆಯೊಂದಿದೆ. ಬೇರೆ ಕೈಬರಹದಲ್ಲಿ ‘ಗ್ಯಾಸ್ ಬುಕ್ ಮಾಡಿ’ ಎಂದಿರುವ ಸಾಲನ್ನು ಕೆಲವರು ಮೂಲಪಾಠದಿಂದ ಕೈಬಿಡಬೇಕೆನ್ನಬಹುದು. ಒಪ್ಪಲಾಗದು. ಸರ್ಕಾರದ ನೆರವಿಲ್ಲದೆ ಈಡೇರಿ, ಪಕ್ಕದಲ್ಲಿ ರೈಟ್ ಮಾರ್ಕ್ ಪಡೆದ ಏಕೈಕ ಗುರಿ ಅದು.

ಕೊನೆಯ ಪುಟಕ್ಕೆ ಬಂದರೆ ಋಗ್ವೇದ ನೆನಪಾಗುತ್ತದೆ. ಅದರ ಹತ್ತನೆಯ ಮಂಡಲದ 34ನೆಯ ಸೂಕ್ತದ ಜೂಜುಗಾರ ಇನ್ನು ಆಡೆನೆಂದು ನಿಶ್ಚಯಿಸುತ್ತಾನೆ, ದಾಳದ ಸದ್ದು ಕೇಳಿದೊಡನೆ ಹೊರಡುತ್ತಾನೆ. ದಾಳ ಬಿಡು, ಹೊಲ ಉಳು ಎಂದು ಅವನಿಗೆ ಬುದ್ಧಿ ಹೇಳಲಾಗಿದೆ. ನಮ್ಮ ಕರ್ತೃವೂ ಅಲ್ಲಿಗೇ ತಲುಪಿದ್ದಾನೆ: ‘ಇನ್ನು ಮೇಲೆ ಇದೆಲ್ಲ ಬಿಟ್ಟು, ಸಕಲೇಶಪುರದ ಕಡೆ ಎರಡು ಎಕರೆ ಕಾಫಿ ತೋಟ.’ ಕೆಳಗೆ ಎಕರೆಯ ಬೆಲೆ ಬರೆದು, ಎರಡರಿಂದ ಗುಣಿಸಿ, ಬಂದದ್ದನ್ನು ಶನಿವಾರದ ಬೈ-ಇನ್ನಿನಿಂದ ಭಾಗಿಸಿ, ಎಷ್ಟು ಶನಿವಾರ ಗೆಲ್ಲಬೇಕೆಂದು ಲೆಕ್ಕ ಹಾಕಿದ್ದಾನೆ. ಭಾಗಾಕಾರ ಪೆನ್ಸಿಲಿನಲ್ಲಿದೆ.